ಅನುಭವಿ ಮುಂದಾಳುಗಳಿಗೂ ತರಬೇತಿ ಬೇಕು

ಮಾನ್ಯ ಸಂಪಾದಕರೇ,

ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ನೀಡಿದ ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಬಳಿಕ, ಹೊಸದಾಗಿ ಆಯ್ಕೆಯಾದ ಪಂಚಾಯಿತಿ ಸದಸ್ಯರಿಗೆ ತರಬೇತಿ ನೀಡುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ಬೇರೂರಿದೆ. ಮೈಸೂರಿನಲ್ಲಿರುವ, ಮಾಜಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಯೇ ಇದಕ್ಕೆ ಸಾಕ್ಷಿ. ಆದರೆ ಸ್ವಸಹಾಯ ಸಂಘಗಳ ಒಕ್ಕೂಟವನ್ನೋ ಹಾಲು ಉತ್ಪಾದಕರ ಸಹಕಾರ ಸಂಘವನ್ನೋ ವರ್ಷಗಟ್ಟಲೆ ನಡೆಸಿದವರು, ಎರಡು ಮೂರು ಅವಧಿ ಪೂರೈಸಿದ ಸದಸ್ಯರು ಮುಂದಿನ ಹಂತದ ಕಲಿಕೆಗೆ ಎಲ್ಲಿಗೆ ಹೋಗಬೇಕು?

ಕೆಲವು ವರ್ಷಗಳ ಹಿಂದೆ ನಾನು ಪಾಲ್ಗೊಂಡಿದ್ದ ಶಿಬಿರವೊಂದರಲ್ಲಿ ದಿನವಿಡೀ ಗ್ರಾಮಸಭೆ ಎಂದರೇನು ಎಂಬ ಪಾಠವನ್ನೇ ಕೇಳಿದೆವು. ಚಹಾ ವಿರಾಮದಲ್ಲಿ ಬೇರೆ ಜಿಲ್ಲೆಯ ಹಿರಿಯ ಸದಸ್ಯೆಯೊಬ್ಬರು ಚೀಲದಿಂದ ನಡಾವಳಿ ಪುಸ್ತಕ ತೆಗೆದು, ಹೆಬ್ಬೆಟ್ಟಿನ ಗುರುತುಗಳಿದ್ದ ಪುಟವನ್ನು ತೋರಿಸುತ್ತಾ, ಕೆರೆ ನೀರಿನ ಸರದಿಗಾಗಿ ಎರಡು ಕೇರಿಗಳ ನಡುವೆ ಎದ್ದಿದ್ದ ಜಗಳವನ್ನು ಬಗೆಹರಿಸಿದ ಬಗೆಯನ್ನು ವಿವರಿಸಿದರು. ಅಂದು ನನಗೆ ದಕ್ಕಿದ ನಿಜವಾದ ಪಾಠ ಅದು.

ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ 50ರಷ್ಟು ಮೀಸಲಾತಿ ಇದೆ, ಸರಿ; ಆದರೆ ಮೀಸಲು ಸ್ಥಾನದ ಸರದಿ ಬದಲಾದೊಡನೆ ಐದು ವರ್ಷಗಳ ಅನುಭವ ಮನೆ ಸೇರುತ್ತದೆ. ಇದು ನಾಡಿಗೇ ಆಗುವ ನಷ್ಟ. ಹಾಗಾಗಿ ಪ್ರತಿ ಜಿಲ್ಲೆಯಿಂದ ಕೆಲವೇ ಅನುಭವಿಗಳನ್ನು ಆರಿಸಿ, ಅಧಿಕಾರದಲ್ಲಿ ಇಲ್ಲದವರನ್ನೂ ಸೇರಿಸಿಕೊಂಡು, ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ಕೆಲಸವನ್ನು ಕಣ್ಣಾರೆ ಕಂಡು ಚರ್ಚಿಸುವಂತಹ, ಒಂದು ವರ್ಷದ ರಾಜ್ಯಮಟ್ಟದ ನಾಯಕತ್ವ ತರಬೇತಿಯನ್ನು ಸರ್ಕಾರ ಆರಂಭಿಸಬೇಕು. ಹೊಲ, ಮನೆ ಬಿಟ್ಟು ಬರುವವರಿಗೆ ಪ್ರಯಾಣ ವೆಚ್ಚ ಮತ್ತು ದಿನಗೂಲಿಯನ್ನೂ ಕೊಡಬೇಕೆಂದು ವಿನಂತಿಸುತ್ತೇನೆ.

– ಸ್ವಸಹಾಯ ಸಂಘದ ಕಾರ್ಯಕರ್ತೆ