ಹುಲ್ಲಿಗೆ ಬೆಂಕಿ ಹಚ್ಚುವ ಮೊದಲು ಒಂದು ಮಾತು

ಮಾನ್ಯ ಸಂಪಾದಕರೇ,

ಭದ್ರಾ ನಾಲೆ ಬಯಲಲ್ಲಿ ಭತ್ತದ ಕಟಾವು ಮುಗಿಯುತ್ತಾ ಬಂದಿದೆ. ಸಂಜೆಯಾದರೆ ನಮ್ಮೂರ ಸುತ್ತ ಹೊಗೆ. ಕಟಾವು ಮಷಿನ್ ಬಿಟ್ಟುಹೋದ ಹುಲ್ಲನ್ನು ಕಟ್ಟಿಸಿ ಸಾಗಿಸೋಕೆ ಖರ್ಚು ಜಾಸ್ತಿ ಅಂತ ಗದ್ದೆಯಲ್ಲೇ ಸುಡುತ್ತಾರೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ನಾನು ಬೋರ್‌ವೆಲ್ ನಂಬಿಕೊಂಡು ಅರ್ಧ ಎಕರೆ ಹಸಿಮೆಣಸಿನಕಾಯಿ ಬೆಳೆಯುತ್ತೇನೆ. ದಾವಣಗೆರೆಯ ಮಂಡಕ್ಕಿ-ಮಿರ್ಚಿ ಅಂಗಡಿಗಳಿಗೆ ಬೇಕಲ್ವಾ, ಆ ಉದ್ದನೆ ಕಾಯಿ. ಮೂರು ವರ್ಷದಿಂದ ಸಾಲುಗಳಿಗೆ ಭತ್ತದ ಹುಲ್ಲು ಹೊದಿಸುತ್ತಿದ್ದೇನೆ. ಮೊದಲೆಲ್ಲ ಮಾರ್ಚ್ ಬಂತೆಂದರೆ ದಿನ ಬಿಟ್ಟು ದಿನ ನೀರು ಕೊಡಬೇಕಿತ್ತು, ಇಲ್ಲದಿದ್ದರೆ ಹೂವು, ಹೀಚು ಎರಡೂ ಉದುರುತ್ತಿದ್ದವು. ಈಗ ನಾಲ್ಕು ದಿನಕ್ಕೊಮ್ಮೆ ಸಾಕು. ಮಟಮಟ ಮಧ್ಯಾಹ್ನ ಹುಲ್ಲು ಸರಿಸಿ ಕೈಯಿಟ್ಟು ನೋಡಿ, ಮಣ್ಣು ತಣ್ಣಗಿರುತ್ತದೆ. ಎಳೆ ಬಿಳಿ ಬೇರು ಮೇಲಕ್ಕೆ ಬಂದು ಹುಲ್ಲಿನ ಅಡಿಯಲ್ಲೇ ಹರಡಿರುತ್ತದೆ. ಪಕ್ಕದಲ್ಲಿ ಎರೆಹುಳದ ಹಿಕ್ಕೆ. ಕಳೆ ತೆಗೆಸಲು ಮೂರು ಸಲ ಆಳು ಕರೆಯುತ್ತಿದ್ದೆ, ಈಗ ಒಂದೇ ಸಲ.

ಮೊದಲ ವರ್ಷ ಒಂದು ತಪ್ಪು ಮಾಡಿದೆ. ಹುಲ್ಲನ್ನು ಕಾಂಡಕ್ಕೇ ಒತ್ತಿ ಹಾಕಿದ್ದೆ. ಮಳೆ ಹಿಡಿದು ಬುಡ ಕೊಳೆತು, ಒಂದು ಸಾಲಿನಲ್ಲಿ ಅರ್ಧಕ್ಕರ್ಧ ಗಿಡ ಹೋದವು. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಲೇಬೇಕು. ನಾಟಿ ಮಾಡಿ ಮೂರು ವಾರ ಕಳೆದು ಸಸಿ ಬೇರು ಹಿಡಿದ ಮೇಲೆ, ಕಳೆ ಕಿತ್ತು, ನೆಲ ಹಸಿ ಇರುವಾಗ 2-3 ಇಂಚು ದಪ್ಪ ಹಾಸಿ. ಹುಲ್ಲನ್ನು ಮಣ್ಣಿಗೆ ಬೆರೆಸಬೇಡಿ. ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಂಡು ಗಿಡ ಹಳದಿಗೆ ತಿರುಗುತ್ತದೆ. ಗೆದ್ದಲು ಇರುವ ಕೆಂಪು ನೆಲದವರು ಮೊದಲು ಒಂದೆರಡು ಸಾಲಿಗೆ ಹಾಕಿ ನೋಡಿ.

ಹುಲ್ಲಿನ ಬದಲು ಸಾಲಿಗೆ ಹೊದಿಸುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟ್‌ಗೆ ಸಬ್ಸಿಡಿ ಇದೆ. ಅದೂ ನೀರು ಉಳಿಸುತ್ತದೆ, ಸುಳ್ಳಲ್ಲ. ಆದರೆ ಬೆಳೆ ಮುಗಿದ ಮೇಲೆ ಎಷ್ಟು ಆರಿಸಿದರೂ ಚೂರುಗಳು ಹೊಲದಲ್ಲೇ ಉಳಿಯುತ್ತವೆ. ನಮ್ಮ ಪಕ್ಕದ ಹೊಲದಲ್ಲಿ ಉಳುವಾಗ ಈಗಲೂ ಮೇಲೆ ಬರುತ್ತವೆ. ಹುಲ್ಲು ಕರಗಿ ಗೊಬ್ಬರವಾಗುತ್ತದೆ.

ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಹುಲ್ಲು ಸುತ್ತುವ ಬೇಲರ್ ಕಟಾವಿನ ಹೊತ್ತಿಗೆ ಸರಿಯಾಗಿ, ಸಣ್ಣ ರೈತರ ಕೈಗೆಟುಕುವ ಬಾಡಿಗೆಗೆ ಸಿಗುವಂತಾಗಲಿ. ಕೃಷಿ ಇಲಾಖೆಯವರು ದಯವಿಟ್ಟು ಇದನ್ನು ನೋಡಬೇಕು.

ಗದ್ದೆಯವರಲ್ಲಿ ನನ್ನದೊಂದು ಕೋರಿಕೆ. ಈ ಸಲ ನನಗೇ ಇನ್ನೂ ಎರಡು ಟ್ರಾಕ್ಟರ್ ಹುಲ್ಲು ಬೇಕು. ಕಡ್ಡಿ ಗೀರುವ ಮೊದಲು ಊರಲ್ಲಿ ಒಂದು ಮಾತು ಹೇಳಿ, ಗಾಡಿ ನಾನೇ ತರುತ್ತೇನೆ.

– ಮೆಣಸಿನಕಾಯಿ ಬೆಳೆಗಾರ್ತಿ, ಹರಿಹರ ತಾಲ್ಲೂಕು