ಒಂದು ಸಿಮೆಂಟ್ ಮೂಟೆಯ ವ್ಯತ್ಯಾಸ

ಅರಸೀಕೆರೆ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ,

ಯಾವ ರಾಯಲ್ ಎನ್‌ಫೀಲ್ಡ್ ಬೈಕ್ ತಗೊಳ್ಳಲಿ ಅಂತ ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಅಂಗಡಿ ಮುಂದೆ ಲಾರಿ ಬಂದು ನಿಂತಿತ್ತು, ಇನ್ನೂರು ಮೂಟೆ ಸಿಮೆಂಟ್ ಇಳಿಸಬೇಕಿತ್ತು. "350 ತಗೊಳ್ಲಾ, 650 ತಗೊಳ್ಲಾ, ಹೇಳಪ್ಪ" ಅಂತ ನೀನು. "ಯಾವುದಾದ್ರೂ ತಗೋ, ಹೆಲ್ಮೆಟ್ ಹಾಕ್ಕೋ" ಅಂತ ನಾನು. ಆಮೇಲೆ ಇಡೀ ದಿನ ತಲೆಯಲ್ಲಿ ಅದೇ. ವಾಟ್ಸಾಪ್‌ನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಕಳಿಸಿ ಸುಮ್ಮನಾಗುತ್ತೀಯ. ಅದಕ್ಕೇ ಈ ಕಾಗದ.

ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ. "ಆಕ್ಟಿವಾಗೆ ಏನಾಗಿದೆ?" ಅಂತ ಶುರುವಾಗುತ್ತದೆ. ಅದನ್ನು ನಾನು ನೋಡಿಕೊಳ್ಳುತ್ತೇನೆ ಬಿಡು.

ಮೊದಲೇ ಒಂದು ಮಾತು. ಚಿಕ್ಕದು ತಗೋ ಅಂತ ನಾನು ಹೇಳಿದರೆ, ಅದು ನೀನು ಹುಡುಗಿ ಅನ್ನೋ ಕಾರಣಕ್ಕಲ್ಲ. ನಿನ್ನ ಮಾವನ ಮಗ ಕೇಳಿದ್ದರೂ ಇದನ್ನೇ ಹೇಳುತ್ತಿದ್ದೆ. ಅವನು ಕೇಳಲಿಲ್ಲ, ಸೀದಾ ಹೋಗಿ 650 ತಗೊಂಡ. ಈಗ ಅದು ಮನೆ ಮುಂದೆ ಕವರ್ ಹೊದ್ದುಕೊಂಡು ನಿಂತಿರುತ್ತದೆ, ಅವನು ಕೆಲಸಕ್ಕೆ ಸ್ಕೂಟರಿನಲ್ಲಿ ಹೋಗುತ್ತಾನೆ.

ನೀನು ಕಳಿಸಿದ ಎರಡೂ ಬ್ರೋಷರ್ ಓದಿದೆ. ಮೀಟಿಯರ್ 350ಕ್ಕೆ 349 ಸಿಸಿ, ಒಂದೇ ಸಿಲಿಂಡರ್, 20 ಚಿಲ್ಲರೆ ಹಾರ್ಸ್‌ಪವರ್. ಸೂಪರ್ ಮೀಟಿಯರ್ 650ಕ್ಕೆ 648 ಸಿಸಿ, ಎರಡು ಸಿಲಿಂಡರ್, 47ರ ಹತ್ತಿರ. ನೀವೆಲ್ಲ ನೋಡುವುದು ಇದನ್ನೇ. ನಾನು ಮೊದಲು ಹುಡುಕಿದ್ದು ತೂಕ. ಒಂದು 191 ಕೆ.ಜಿ., ಇನ್ನೊಂದು 241. ಮೂವತ್ತು ವರ್ಷ ಸಿಮೆಂಟ್ ಮಾರಿದವನಿಗೆ 50 ಕೆ.ಜಿ. ಅಂದರೆ ಎಷ್ಟು ಅಂತ ಯಾರೂ ಹೇಳಿಕೊಡಬೇಕಿಲ್ಲ. ಸರಿಯಾಗಿ ಒಂದು ಮೂಟೆ.

ಗಾಡಿ ಓಡುವಾಗ ಆ ಮೂಟೆ ಇರುವುದೇ ಗೊತ್ತಾಗುವುದಿಲ್ಲ. ಸ್ವಲ್ಪ ವೇಗ ಸಿಕ್ಕರೆ ಸಾಕು, ಎಷ್ಟು ಭಾರದ ಬೈಕಾದರೂ ತಾನಾಗಿಯೇ ನೆಟ್ಟಗೆ ಹೋಗುತ್ತದೆ. ಅದಕ್ಕೇ ಟೆಸ್ಟ್ ರೈಡ್ ಮಾಡಿ ಬಂದವರೆಲ್ಲ "ಬೆಣ್ಣೆ ಹಾಗಿದೆ" ಅನ್ನುವುದು. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ, ನಿಮ್ಮ ಬಿಲ್ಡಿಂಗಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ, ಬಂಕಿನ ಆಯಿಲ್ ಚೆಲ್ಲಿದ ನೆಲದ ಮೇಲೆ ನೀನು ಕಾಲೂರುತ್ತೀಯಲ್ಲ, ಆಗ ಆ ಮೂಟೆ ಬಂದು ನಿನ್ನ ಕಾಲಿನ ಮೇಲೆ ಕೂರುತ್ತದೆ.

ನಿನಗೆ ನೆನಪಿದೆಯಾ, ಮಾಲೇಕಲ್ ತಿರುಪತಿ? ನಿನಗಾಗ ಹತ್ತು ವರ್ಷ. ನಾನು ಹದಿನಾಲ್ಕು ವರ್ಷ ಓಡಿಸಿದ ಯೆಜ್ಡಿ ಮಾರಿ, ಸೆಕೆಂಡ್ ಹ್ಯಾಂಡ್ ಥಂಡರ್‌ಬರ್ಡ್ 350 ತಂದಿದ್ದೆ. ನಿಜ ಹೇಳಬೇಕೆಂದರೆ ನನಗೆ ಆ ಗಾಡಿ ಬೇಕಿರಲಿಲ್ಲ. ಬಸ್‌ಸ್ಟ್ಯಾಂಡ್ ಮುಂದೆ ಅದರಲ್ಲಿ ಹೋಗುವುದು ಬೇಕಿತ್ತು. ಬೆಟ್ಟದ ಬುಡದಲ್ಲಿ ಇಳಿಜಾರು ಜಾಗ. ನಾನು ಜಂಬದಲ್ಲಿ ಸೀದಾ ಇಳಿಸಿ, ಮುಂದಿನ ಚಕ್ರ ಗೋಡೆಗೆ ತಾಗುವ ಹಾಗೆ ನಿಲ್ಲಿಸಿದೆ. ಮೆಟ್ಟಿಲು ಹತ್ತಿ ಇಳಿದು ಬಂದರೆ, ಗಾಡಿ ಹಿಂದಕ್ಕೆ ಬರುತ್ತಿಲ್ಲ. ಸೀಟಿನ ಮೇಲೆ ಕೂತು ತುದಿಗಾಲಲ್ಲಿ ತಳ್ಳಿದೆ. ಜಲ್ಲಿಕಲ್ಲಿನ ಮೇಲೆ ಚಪ್ಪಲಿ ಜಾರಿತು. ಇಳಿದು ಹ್ಯಾಂಡಲ್ ಹಿಡಿದು ಎಳೆದೆ, ನಾಲ್ಕು ಬೆರಳು ಬಂದು ಮತ್ತೆ ಗೋಡೆಗೇ ಹೋಯಿತು. ನೀನು ನನ್ನ ಹೆಲ್ಮೆಟ್ ತಬ್ಬಿಕೊಂಡು ನಿಂತು, "ಅಪ್ಪಾ, ಇದಕ್ಕೆ ರಿವರ್ಸ್ ಗೇರ್ ಇಲ್ವಾ?" ಅಂತ ಕೇಳಿದೆ. ಕೊನೆಗೆ ತೆಂಗಿನಕಾಯಿ ಮಾರುತ್ತಿದ್ದ ಇಬ್ಬರು ಹುಡುಗರು ಬಂದು ಹಿಂದಿನ ಗ್ರ್ಯಾಬ್ ರೈಲ್ ಹಿಡಿದು ಎಳೆದರು. ಆ ಗಾಡಿಯೂ ಹೆಚ್ಚುಕಡಿಮೆ ಈ ಮೀಟಿಯರ್ 350ರಷ್ಟೇ ತೂಕ. ಅದರ ಮೇಲೆ ಇನ್ನೊಂದು ಮೂಟೆ ಇದ್ದಿದ್ದರೆ ನಾಲ್ಕು ಜನ ಬೇಕಾಗುತ್ತಿತ್ತು.

ಈಗ ನಿನ್ನ ವಾದಕ್ಕೆ ಬರುತ್ತೇನೆ. "ನನ್ನ ಎತ್ತರಕ್ಕೆ 650ನೇ ಸರಿ, ಸೀಟು ಕೆಳಗಿದೆ" ಅಂದೆ. ನಿಜ. 740 ಮಿ.ಮೀ. ಅದು, 350ರದ್ದು 765. ಐದಡಿ ಎರಡಿಂಚಿನವರಿಗೆ ಒಂದಿಂಚು ಸಣ್ಣ ವಿಷಯವಲ್ಲ, ಎರಡೂ ಪಾದ ಚೆನ್ನಾಗಿ ಊರುತ್ತವೆ. ಆದರೆ ಕೆಳಗೆ ಕೂರಿಸುವ ಗಾಡಿಯ ಹೊಟ್ಟೆಯೂ ಕೆಳಗೇ ಇರುತ್ತದೆ, ಅಲ್ವಾ? ನೆಲದಿಂದ 135 ಮಿ.ಮೀ. ಅಷ್ಟೇ. 350ಕ್ಕೆ 170. ನಮ್ಮೂರ ಹಂಪುಗಳನ್ನು ಯಾರು ಯಾವ ಅಳತೆಯಲ್ಲಿ ಹಾಕುತ್ತಾರೋ ದೇವರಿಗೇ ಗೊತ್ತು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ದಾಟುವಾಗ ಕೆಳಗೆ "ಕರ್" ಅಂದರೆ ನಿನ್ನ ಹೊಟ್ಟೆಯೂ ಕರ್ ಅನ್ನುತ್ತದೆ.

650ರ ಪವರ್ ನನಗೆ ಹೆದರಿಕೆ ಅಂತ ತಿಳಿಯಬೇಡ. ಯುರೋಪಿನಲ್ಲಿ ಹೊಸಬರಿಗೆ ಎ2 ಅಂತ ಒಂದು ಲೈಸೆನ್ಸ್ ಇದೆ, 35 ಕಿಲೋವ್ಯಾಟ್ ಮೀರಿದ ಬೈಕ್ ಅದರಲ್ಲಿ ಓಡಿಸುವ ಹಾಗಿಲ್ಲ. 650 ಆ ಗೆರೆಯ ಒಳಗೇ ಇದೆ. ಅಂದರೆ ಅಲ್ಲಿಯ ಲೆಕ್ಕದಲ್ಲಿ ಅದು ಹೊಸಬರೂ ಓಡಿಸಬಹುದಾದ ಗಾಡಿ. ನಮ್ಮಲ್ಲಿ ಅಂಥ ಮೆಟ್ಟಿಲೇ ಇಲ್ಲ. ಗೇರ್ ಗಾಡಿಯ ಲೈಸೆನ್ಸ್ ಒಂದಿದ್ದರೆ 100 ಸಿಸಿಯೂ ಓಡಿಸಬಹುದು, 1000 ಸಿಸಿಯೂ ಓಡಿಸಬಹುದು. ಮೆಟ್ಟಿಲು ನಾವೇ ಕಟ್ಟಿಕೊಳ್ಳಬೇಕು.

ದೊಡ್ಡದಕ್ಕೆ ಅದರದ್ದೇ ಆದ ಸುಖ ಇದೆ, ಸುಳ್ಳು ಹೇಳುವುದಿಲ್ಲ. ನಿನ್ನ ಮಾವನ ಮಗನ ಗಾಡಿಯಲ್ಲಿ ತಿಪಟೂರಿನವರೆಗೆ ಹೋಗಿ ಬಂದೆ. (ಇದನ್ನೂ ನಿಮ್ಮಮ್ಮನಿಗೆ ಹೇಳಬೇಡ.) ಕೊಬ್ಬರಿ ತುಂಬಿದ ಲಾರಿ ಮುಂದಿತ್ತು. ಗೇರ್ ಇಳಿಸಲೇ ಇಲ್ಲ, ಸುಮ್ನೆ ಆಕ್ಸಿಲರೇಟರ್ ತಿರುಗಿಸಿದೆ. ಲಾರಿ ಹಿಂದಾಯಿತು. 52 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ಅಂದರೆ ಅದು. 350ರಲ್ಲಿ 27 ಇದೆ, ಅದೇ ಲಾರಿಗೆ ನೀನು ಒಂದು ಗೇರ್ ಇಳಿಸಿ, ಎದುರು ರಸ್ತೆ ನೋಡಿ, ಲೆಕ್ಕ ಹಾಕಿ ಹೋಗಬೇಕು. ಎಂಬತ್ತು ತೊಂಬತ್ತರಲ್ಲಿ 350 ಆರಾಮಾಗಿ ಹಾಡಿಕೊಂಡು ಹೋಗುತ್ತದೆ, ನೂರು ದಾಟಿದ ಮೇಲೆ ಅದಕ್ಕೆ ಏದುಸಿರು. 650ಕ್ಕೆ ಅಲ್ಲಿಂದಲೇ ಮಜಾ ಶುರು. ಹಿಂದೆ ಒಬ್ಬರು, ಎರಡು ಬ್ಯಾಗು, ಹುಬ್ಬಳ್ಳಿ ದಾಟಿ ಹೋಗುವ ಪ್ರಯಾಣ ಅಂದರೆ ನಾನೂ ಅದನ್ನೇ ತಗೋ ಅನ್ನುತ್ತಿದ್ದೆ.

ಆದರೆ ನೀನು ಓಡಿಸುವುದು ಎಲ್ಲಿ? ನಾಗರಬಾವಿಯಿಂದ ಮಾನ್ಯತಾ ಟೆಕ್ ಪಾರ್ಕ್, ಮತ್ತೆ ವಾಪಸ್. ವಾರಕ್ಕೆ ಐದು ದಿನ ಹೆಬ್ಬಾಳದ ಜಾತ್ರೆ. ಅಲ್ಲಿ ಎರಡನೇ ಗೇರಿಗಿಂತ ಮೇಲೆ ಹೋದರೆ ಆ ದಿನ ಹಬ್ಬ ಅಂತ ನೀನೇ ಹೇಳಿದ್ದೆ. ಎರಡೂ ಎಂಜಿನ್‌ಗೆ ರೇಡಿಯೇಟರ್ ಇಲ್ಲ, ಗಾಳಿ ಮತ್ತು ಆಯಿಲ್ ತಂಪು ಮಾಡಬೇಕು. ನಿಂತ ಗಾಡಿಗೆ ಗಾಳಿ ಎಲ್ಲಿಂದ ಬರುತ್ತದೆ? ಎರಡು ಸಿಲಿಂಡರಿನ ಕಾವು ಏಪ್ರಿಲ್ ತಿಂಗಳಲ್ಲಿ ತೊಡೆಗೇ ಬಡಿಯುತ್ತದೆ. ಇನ್ನು ಮೈಸೂರು ಹೆದ್ದಾರಿ ಆಸೆ ಬಿಟ್ಟುಬಿಡು. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಎಷ್ಟೇ ಸಿಸಿ ಇದ್ದರೂ ಪಕ್ಕದ ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಚಾರ್ಮಾಡಿ, ಶಿರಾಡಿ, ಮೂಡಿಗೆರೆ ಕಡೆಯ ರಸ್ತೆಗಳಿಗೆ 350 ಧಾರಾಳ ಆಯಿತು. ಆ ತಿರುವುಗಳಲ್ಲಿ ಐವತ್ತು ದಾಟಿಸುವ ಯೋಚನೆ ನಿನಗಿದ್ದರೆ ಈ ಕಾಗದ ಇಲ್ಲಿಗೇ ನಿಲ್ಲಿಸುತ್ತೇನೆ.

ದುಡ್ಡಿನ ವಿಷಯ ನಿನಗೇ ಗೊತ್ತು, ಬೇಗ ಮುಗಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 18, ಅದಕ್ಕಿಂತ ದೊಡ್ಡದಕ್ಕೆ ಶೇ. 40. ನಿನ್ನ ಮೀಟಿಯರ್ ಒಂದೇ ಒಂದು ಸಿಸಿ ಉಳಿಸಿಕೊಂಡು ಆ ಗೆರೆಯೊಳಗೆ ಕೂತಿದೆ. ಈಗ ದೊಡ್ಡದರ ಬೆಲೆ ಹತ್ತಿರ ಹತ್ತಿರ ದುಪ್ಪಟ್ಟು. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಟ್ಟಿಗೇ ಕಟ್ಟಬೇಕಲ್ಲ, ನಾನು ನೋಡಿದ ಪಟ್ಟಿಯಲ್ಲಿ ಚಿಕ್ಕದಕ್ಕೆ 7,365 ರೂಪಾಯಿ, ದೊಡ್ಡದಕ್ಕೆ 15,117. ಪೆಟ್ರೋಲು, ಟಯರು, ರೋಡ್ ಟ್ಯಾಕ್ಸು ಎಲ್ಲ ಇದೇ ದಾರಿ. ಇಎಂಐ ಕಟ್ಟುವವಳು ನೀನು, ನಾನು ಬಾಯಿ ಹಾಕುವುದಿಲ್ಲ. ಹಾಕಿದೆ ಅನ್ನುತ್ತೀಯ. ಸರಿ.

"ಹೇಗೂ ಮುಂದೆ ದೊಡ್ಡದು ಬೇಕಾಗುತ್ತೆ, ಈಗಲೇ ತಗೊಂಡ್ರೆ ಎರಡು ಸಲ ಖರ್ಚು ತಪ್ಪುತ್ತೆ" ಅಂದೆಯಲ್ಲ, ಅದಕ್ಕೆ ನಾನು ಒಪ್ಪುವುದಿಲ್ಲ. ಐದು ವರ್ಷ ಆಕ್ಟಿವಾ ಓಡಿಸಿದವಳು ನೀನು. ಮೊದಲ ಭಾರದ ಗಾಡಿಯನ್ನು ಒಂದು ಸಲವಾದರೂ ಬೀಳಿಸುತ್ತೀಯ. ನಾನೂ ಬೀಳಿಸಿದೆ, ಅದೂ ನಮ್ಮ ಅಂಗಡಿ ಮುಂದೆ, ಸ್ಟ್ಯಾಂಡ್ ಸರಿಯಾಗಿ ಹಾಕದೆ. ಬಿದ್ದ ಗಾಡಿ ಎತ್ತುವುದನ್ನು ಮಾತ್ರ ಈಗಲೇ ಕಲಿತುಕೋ. ನಮ್ಮ ಹಮಾಲಿಗಳನ್ನು ನೋಡಿದ್ದೀಯಲ್ಲ, ಮೂಟೆಯನ್ನು ಸೊಂಟದಿಂದ ಎತ್ತುವುದಿಲ್ಲ, ಕಾಲಿನಿಂದ ಎತ್ತುತ್ತಾರೆ. ಇಲ್ಲೂ ಹಾಗೆಯೇ. ಎಂಜಿನ್ ಆಫ್ ಮಾಡು. ಗಾಡಿ ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡ್ ಬಿಚ್ಚು, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆ ಕಡೆ ಬೀಳುತ್ತದೆ. ಗೇರಿನಲ್ಲಿಡು, ಉರುಳಬಾರದು. ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಸೀಟಿನ ಅಂಚಿಗೆ ಅಂಡು ಆನಿಸು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ. ಆಮೇಲೆ ಸಣ್ಣ ಸಣ್ಣ ಹೆಜ್ಜೆ ಇಟ್ಟು ಹಿಂದಕ್ಕೆ ನಡೆ. 191 ಕೆ.ಜಿ.ಯನ್ನು ನೀನು ಹೀಗೆ ಎತ್ತುತ್ತೀಯ, ನನಗೆ ಅನುಮಾನವಿಲ್ಲ. ಇನ್ನೊಂದು ಮೂಟೆ ಸೇರಿದರೆ? ಮಳೆಯಲ್ಲಿ, ಹಿಂದೆ ಬಿಎಂಟಿಸಿ ಬಸ್ಸು ಹಾರ್ನ್ ಹೊಡೆಯುತ್ತಿದ್ದರೆ?

ನನ್ನ ಲೆಕ್ಕ 350. ಎರಡು ವರ್ಷ ಓಡಿಸು, ಮಳೆ, ಘಾಟಿ, ಟ್ರಾಫಿಕ್ಕು ಎಲ್ಲ ಮುಗಿಸು. ಆಗಲೂ 650 ಬೇಕು ಅನ್ನಿಸಿದರೆ ಇದನ್ನು ಮಾರು. 350ಕ್ಕೆ ಗಿರಾಕಿ ಹುಡುಕುವುದು ಕಷ್ಟವಲ್ಲ, ಯಾರೂ ಸಿಗದಿದ್ದರೆ ನಾನೇ ತಗೊಳ್ಳುತ್ತೇನೆ. ಈಗ ಗೊತ್ತಾಯಿತಾ, ನಾನು ಯಾಕೆ ಇಷ್ಟು ವಾದ ಮಾಡುತ್ತಿದ್ದೇನೆ ಅಂತ?

ಆದರೂ ನನ್ನ ಮಾತೇ ಕೊನೆ ಅಂತ ಬೇಡ. ಶನಿವಾರ ಬೆಳಗಿನ ರೈಲಿಗೆ ಹೊರಟು ಯಶವಂತಪುರದಲ್ಲಿ ಇಳಿಯುತ್ತೇನೆ. ಇಬ್ಬರೂ ಷೋರೂಮಿಗೆ ಹೋಗೋಣ. ನೀನು ದಿನಾ ಹಾಕುವ ಶೂ ಹಾಕಿಕೊಂಡು ಬಾ, ದಪ್ಪ ಹಿಮ್ಮಡಿಯದ್ದು ಬೇಡ. ಸ್ಟಾರ್ಟ್ ಮಾಡುವ ಮೊದಲು ಎರಡೂ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಸ್ಟ್ಯಾಂಡ್ ತೆಗೆದು, ಹತ್ತು ಹೆಜ್ಜೆ ಹಿಂದಕ್ಕೆ ತಳ್ಳು. ಅವರ ರ‍್ಯಾಂಪಿನ ಮೇಲೂ ಒಂದು ಸಲ. ನಾನು ಪಕ್ಕದಲ್ಲಿ ನಿಂತು ನಿನ್ನ ಹೆಲ್ಮೆಟ್ ಹಿಡಿದುಕೊಂಡಿರುತ್ತೇನೆ, ಕೈ ಹಾಕುವುದಿಲ್ಲ. 650 ಅನ್ನು ನೀನೊಬ್ಬಳೇ ಅಲ್ಲಿಂದ ಹಿಂದಕ್ಕೆ ತಂದರೆ, ಈ ಕಾಗದ ಹರಿದುಹಾಕು.

ನಿಮ್ಮಮ್ಮ ಕೋಡುಬಳೆ ಕಟ್ಟಿಕೊಡುತ್ತೇನೆ ಅಂದಿದ್ದಾಳೆ. ಯಾಕೆ ಹೋಗುತ್ತಿದ್ದೀರಿ ಅಂತ ಇನ್ನೂ ಕೇಳಿಲ್ಲ.

ನಿನ್ನ
ಅಪ್ಪ