ನವರಾತ್ರಿಗೆ ಒಂಬತ್ತು ಬಣ್ಣ ಬೇಡ, ಕಪಾಟು ತೆರೆದರೆ ಸಾಕು

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನಾನು ಕುಮಟಾದಲ್ಲಿ ಸಣ್ಣದೊಂದು ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಬ್ಲೌಸು, ಚೂಡಿದಾರ, ಫಾಲ್, ಪಿಕೊ, ಶಾಲೆ ಯೂನಿಫಾರ್ಮು, ಎಲ್ಲ ಮಾಡುತ್ತೇನೆ. ನಿಮ್ಮ ಪತ್ರಿಕೆ ದಿನಾ ಅಂಗಡಿಗೆ ಬರುತ್ತದೆ. ಮೊದಲು ನಾನು ಓದುತ್ತೇನೆ, ಆಮೇಲೆ ಕಾಯುತ್ತ ಕೂತ ಗಿರಾಕಿಗಳು ಓದುತ್ತಾರೆ. ಹಳೆಯದಾದ ಮೇಲೆ ಅದರಲ್ಲೇ ಬ್ಲೌಸಿನ ಅಳತೆ ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಅಷ್ಟು ಸಲುಗೆ ಇರುವುದರಿಂದ ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಚೌತಿ ಮುಗಿಯಿತು. ಇನ್ನು ನವರಾತ್ರಿ. ಈ ಸಲ ದಿನಕ್ಕೊಂದು ಬಣ್ಣದ ಪಟ್ಟಿ ಹಾಕಿ, ಅದೇ ಬಣ್ಣದ ಸೀರೆ ಉಟ್ಟು ಫೋಟೋ ಕಳಿಸಿ ಅಂತ ದಯವಿಟ್ಟು ಕರೆಯಬೇಡಿ.

ನನಗೇನೂ ಇದರಿಂದ ನಷ್ಟ ಇಲ್ಲ. ನಿಜ ಹೇಳಬೇಕೆಂದರೆ ಲಾಭವೇ. ಪಟ್ಟಿ ಬಂದ ಮರುದಿನದಿಂದ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬ್ಯಾಂಕಿನವರು, ಶಾಲೆಯ ಅಕ್ಕೋರುಗಳು, ಸ್ವಸಹಾಯ ಸಂಘದವರು, ಎಲ್ಲರಿಗೂ ಗಡಿಬಿಡಿ. ಹೋದ ವರ್ಷ ಒಬ್ಬ ಹುಡುಗಿ ಓಡಿಕೊಂಡು ಬಂದಳು. 'ಅಕ್ಕಾ, ನಾಡಿದ್ದು ಗ್ರೇ ಅಂತೆ, ನನ್ನ ಹತ್ರ ಗ್ರೇ ಒಂದೂ ಇಲ್ಲ' ಅಂತ ಅಳುವುದೊಂದು ಬಾಕಿ. ಅವಳ ಸಂಬಳ ಎಷ್ಟು ಅಂತ ನನಗೆ ಗೊತ್ತು. ಗ್ರೇ ಸೀರೆ ತಂದಳು, ಬ್ಲೌಸು ಹೊಲಿಸಿದಳು, ಉಟ್ಟಳು, ಫೋಟೋ ಆಯಿತು. ಆಮೇಲೆ ಆ ಸೀರೆ ಮೈಮೇಲೆ ಬಂದದ್ದನ್ನು ನಾನು ನೋಡಲಿಲ್ಲ. ಬೂದು ಬಣ್ಣವನ್ನು ನಮ್ಮ ಕಡೆ ಹಬ್ಬಕ್ಕೆ ಯಾರು ಉಡುತ್ತಿದ್ದರು ಹೇಳಿ?

ಇದು ಶಾಸ್ತ್ರ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ದಿನಕ್ಕೊಂದು ಬಣ್ಣದ ಈ ಹುಚ್ಚು ಎದ್ದದ್ದು 2003ರ ಸುಮಾರಿಗೆ, ಮುಂಬೈಯ ಮರಾಠಿ ಪತ್ರಿಕೆಯೊಂದು ಓದುಗ ಹೆಂಗಸರನ್ನು ಸೆಳೆಯಲು ಶುರು ಮಾಡಿದ ಮೇಲೆ. ಅಲ್ಲಿಂದ ಆಫೀಸುಗಳಿಗೆ ಹಬ್ಬಿತು, ನಮ್ಮ ಕಡೆಗೂ ಬಂತು. ಪಾಡ್ಯ ಯಾವ ವಾರ ಬೀಳುತ್ತದೋ ಅದರ ಮೇಲೆ ಪಟ್ಟಿ ಪ್ರತಿ ವರ್ಷ ಬದಲಾಗುತ್ತದೆ. ಹಾಗಾಗಿ ಹೋದ ವರ್ಷ ತಂದದ್ದು ಈ ವರ್ಷ ನಡೆಯುತ್ತದೆ ಅನ್ನುವ ಭರವಸೆಯೂ ಇಲ್ಲ. ಪತ್ರಿಕೆಯವರು ಶುರು ಮಾಡಿದ್ದನ್ನು ಪತ್ರಿಕೆಯವರೇ ನಿಲ್ಲಿಸಬಹುದಲ್ವಾ?

ನವರಾತ್ರಿ ಒಂದೇ ಆದರೆ ನಾನು ಕಾಗದ ಬರೆಯುತ್ತಿರಲಿಲ್ಲ. ಈಗ ಮದುವೆಗೂ ಬಣ್ಣ ಬಂದಿದೆ. ಅರಿಶಿನ ಶಾಸ್ತ್ರಕ್ಕೆ ಎಲ್ಲರೂ ಹಳದಿ, ಮೆಹಂದಿಗೆ ಹಸಿರು, ಮದುವೆ ದಿನ ಹೆಣ್ಣಿನ ಕಡೆಯವರಿಗೆ ಒಂದೇ ನಮೂನೆ ಸೀರೆ. ವಾಟ್ಸಾಪ್ ಗ್ರೂಪಿನಲ್ಲಿ ತೀರ್ಮಾನ ಆಗಿಬಿಡುತ್ತದೆ. ಬೇಡ ಅನ್ನಲು ಯಾರಿಗೂ ಧೈರ್ಯ ಇಲ್ಲ. ಬ್ಲೌಸಿನ ಅಳತೆ ಕೊಡಲು ಬಂದವರು ನನ್ನ ಹತ್ತಿರ ಮಾತ್ರ ಗೊಣಗುತ್ತಾರೆ.

ಉಟ್ಟಿದ್ದನ್ನೇ ಮತ್ತೆ ಉಡಲು ಯಾಕೆ ಹೆದರಿಕೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: 'ರಿಪೀಟ್ ಆಗ್ತದೆ ಅಕ್ಕಾ, ಸ್ಟೇಟಸ್‌ನಲ್ಲಿ ಎಲ್ಲರೂ ನೋಡಿದ್ದಾರೆ.' ಸಾವಿರಾರು ಗಿಡ ನೆಟ್ಟು ಬೆಳೆಸಿದ ನಮ್ಮ ಪಕ್ಕದ ಅಂಕೋಲೆಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತೆಗೆದುಕೊಂಡರು. ಬರಿಗಾಲು, ಕೊರಳ ತುಂಬ ಮಣಿಸರ, ಅವರ ಹಾಲಕ್ಕಿ ಸಮುದಾಯದವರು ಉಡುವ ಹಾಗೆ ಉಟ್ಟ ಸೀರೆ. ಊರಿನಲ್ಲಿ ಇದ್ದ ಹಾಗೆಯೇ ದಿಲ್ಲಿಗೆ ಹೋದರು. ದೇಶವೆಲ್ಲ ಆ ಫೋಟೋ ನೋಡಿತು. ನನ್ನ ಅಂಗಡಿಯಲ್ಲಿ ರಿಪೀಟ್ ಅಂತ ಕೊರಗುವವರ ಮೊಬೈಲಿನಲ್ಲೂ ಅದು ಇತ್ತು!

ಈಗ ಕಪಾಟಿನ ವಿಷಯಕ್ಕೆ ಬರುತ್ತೇನೆ. 'ಹಾಕಿಕೊಳ್ಳಲು ಬಟ್ಟೆಯೇ ಇಲ್ಲ' ಅನ್ನುವವರ ಕಪಾಟಿನಲ್ಲಿ ಇರುವುದು ಹೆಚ್ಚಾಗಿ ಹರಿದ ಬಟ್ಟೆ ಅಲ್ಲ, ಬಿಗಿಯಾದ ಬಟ್ಟೆ. ಸೀರೆ ಚೆನ್ನಾಗಿಯೇ ಇರುತ್ತದೆ, ಬ್ಲೌಸು ಕೈ ಹತ್ತುವುದಿಲ್ಲ. ಅಷ್ಟಕ್ಕೆ ಸೀರೆಯೂ ಮೂಲೆ ಸೇರುತ್ತದೆ. ನಾವು ಹಳೇ ಟೇಲರುಗಳು ಬ್ಲೌಸಿನ ಪಕ್ಕಕ್ಕೆ ಒಂದೇ ಹೊಲಿಗೆ ಹಾಕುವುದಿಲ್ಲ. ಒಳಗೆ ಒಂದು ಇಂಚು, ಒಂದೂವರೆ ಇಂಚು ಬಟ್ಟೆ ಬಿಟ್ಟು, ಒಂದರ ಪಕ್ಕ ಒಂದು ಮೂರು ಸಾಲು ಹೊಲಿಗೆ ಹಾಕುತ್ತೇವೆ. ಮೈ ಬಂದ ಹಾಗೆ ಒಳಗಿನ ಸಾಲಿನಿಂದ ಒಂದೊಂದೇ ಬಿಚ್ಚಿಕೊಳ್ಳಬಹುದು. ಎರಡೂ ಪಕ್ಕ ಒಂದೊಂದು ಸಾಲು ಬಿಚ್ಚಿದರೆ ಒಂದು ಇಂಚಿನ ತನಕ ಸಿಗುತ್ತದೆ. ಮನೆಯಲ್ಲೇ ಕೂತು ಬ್ಲೇಡಿನ ತುದಿಯಿಂದ ಬಿಚ್ಚಿಕೊಳ್ಳಿ. ಅದಕ್ಕೆ ನನ್ನ ಹತ್ತಿರವೂ ಬರಬೇಕಾಗಿಲ್ಲ. ಹೆರಿಗೆಯ ನಂತರ ಬ್ಲೌಸು ಆಗುವುದಿಲ್ಲ ಅಂತ ಹೊಸದು ಹೊಲಿಸಲು ಬಂದ ಎಷ್ಟೋ ಜನರನ್ನು ಹೀಗೆ ವಾಪಸ್ ಕಳಿಸಿದ್ದೇನೆ.

ರೆಡಿಮೇಡಿನಲ್ಲಿ ಈ ಭಾಗ್ಯ ಇಲ್ಲ. ಒಮ್ಮೆ ಒಳಗೆ ತಿರುಗಿಸಿ ನೋಡಿ. ಓವರ್‌ಲಾಕ್ ಹೊಡೆದ ಅಂಚಿನಲ್ಲಿ ಕಾಲು ಇಂಚು ಬಟ್ಟೆ ಇದ್ದರೆ ಪುಣ್ಯ. ಬಟ್ಟೆ ಉಳಿಸಲು ಹಾಗೆ ಮಾಡುತ್ತಾರೆ. ನಾಲ್ಕು ಕಿಲೋ ದಪ್ಪ ಆದಿರೋ, ಆ ಕುರ್ತಾದ ಕಥೆ ಮುಗಿಯಿತು. ಕೊಳ್ಳಲೇಬೇಕಾದ ಸಂದರ್ಭ ಬಂದಾಗ ಬಣ್ಣ, ಬೆಲೆ ನೋಡುವ ಮೊದಲು ಒಳಗಿನ ಹೊಲಿಗೆ ನೋಡಿ. ಮಕ್ಕಳ ಪ್ಯಾಂಟು, ಲಂಗ ಆದರೆ ಕೆಳಗಿನ ಮಡಿಕೆ ಎಷ್ಟಿದೆ ನೋಡಿ. ಯೂನಿಫಾರ್ಮಿಗೆ ನಾನು ಎರಡು ಇಂಚು ಮಡಚಿಯೇ ಕೊಡುವುದು. ಮುಂದಿನ ವರ್ಷ ಬಿಚ್ಚಿ ಇಳಿಸಿದರೆ ಅದೇ ನಡೆಯುತ್ತದೆ. ಹಳೇ ಮಡಿಕೆಯ ಗೆರೆ ಸ್ವಲ್ಪ ಕಾಣುತ್ತದೆ. ಕಾಣಲಿ ಬಿಡಿ.

ಶರ್ಟಿನ ಕಾಲರ್ ತಿರುಗಿಸುವುದನ್ನು ಈಗಿನ ಹುಡುಗರು ಕೇಳಿಯೇ ಇಲ್ಲ. ಶರ್ಟು ಮೊದಲು ಸವೆಯುವುದು ಕಾಲರಿನ ಮಡಿಕೆಯ ಮೇಲೆ, ಕುತ್ತಿಗೆಗೆ ತಿಕ್ಕುವಲ್ಲಿ. ಉಳಿದದ್ದೆಲ್ಲ ಗಟ್ಟಿಯಾಗಿ ಇರುತ್ತದೆ. ಕಾಲರನ್ನು ಪಟ್ಟಿಯಿಂದ ನಿಧಾನಕ್ಕೆ ಬಿಚ್ಚಿ, ನಡುಮಧ್ಯಕ್ಕೆ ಗುರುತು ಹಾಕಿಕೊಂಡು, ಮಗುಚಿ, ಸವೆದ ಮುಖ ಕೆಳಗೆ ಹೋಗುವ ಹಾಗೆ ಅದೇ ಪಟ್ಟಿಯೊಳಗೆ ಮತ್ತೆ ಕೂರಿಸಬೇಕು. ಹೊರಗಿನಿಂದ ನೋಡಿದರೆ ಹೊಸ ಕಾಲರ್. ರಿಟೈರ್ ಆದ ಮಾಸ್ತರೊಬ್ಬರು ಈಗಲೂ ತರುತ್ತಾರೆ. ಬಿಳಿ ಶರ್ಟು, ಪೆನ್ನಿನ ಶಾಯಿಯ ಕಲೆ ಕಿಸೆಯಲ್ಲಿ ಹಾಗೆಯೇ ಇದೆ. 'ತಂಗೀ, ಇದಕ್ಕೆ ಇನ್ನೊಂದು ಜನ್ಮ ಕೊಡು' ಅನ್ನುತ್ತಾರೆ.

ಸೀರೆಗೆ ಫಾಲ್ ಬದಲಿಸಿದರೂ ಅರ್ಧ ಹೊಸತಾಗುತ್ತದೆ. ಕೆಳಗಿನ ಅಂಚು ಮಣ್ಣು, ನೀರು ತಾಗಿ ಸವೆದಿರುತ್ತದೆ, ಹಳೇ ಫಾಲ್ ಸುಕ್ಕಾಗಿ ಸೀರೆಯನ್ನೂ ಎಳೆಯುತ್ತಿರುತ್ತದೆ. ಹೊಸ ಫಾಲನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಹಚ್ಚಿದರೆ ಆಮೇಲೆ ಕುಗ್ಗುವುದಿಲ್ಲ. ನೆನೆಸದೆ ಹಚ್ಚುವವರು ಇದ್ದಾರೆ, ಕೇಳಿ ಕೊಡಿ.

ಇಲ್ಲಿ ನನ್ನದೂ ಒಂದು ತಕರಾರಿದೆ. ರಿಪೇರಿಗೆ ದುಡ್ಡು ಕೊಡಲು ಜನರಿಗೆ ಮನಸ್ಸೇ ಬರುವುದಿಲ್ಲ. 'ಎರಡು ಹೊಲಿಗೆ ಹಾಕಲಿಕ್ಕೆ ಇಷ್ಟಾ?' ಅಂತ ಕೇಳುತ್ತಾರೆ. ಹೊಲಿಯುವುದು ಬೇಗ ಆಗುತ್ತದೆ, ಬಟ್ಟೆ ಹರಿಯದಂತೆ ಬಿಚ್ಚುವುದಕ್ಕೇ ಹೊತ್ತು ಬೇಕು. ಲೈನಿಂಗ್ ಬ್ಲೌಸಿಗೆ ನಾನೂರು, ಐನೂರು ತೆಗೆದು ಕೊಡುವವರು ಕಾಲರ್ ತಿರುಗಿಸಲು ಅರವತ್ತು ಅಂದರೆ ಚೌಕಾಸಿ ಮಾಡುತ್ತಾರೆ. ಹಾಗಾಗಿಯೇ ಎಷ್ಟೋ ಟೇಲರುಗಳು ಆಲ್ಟ್ರೇಷನ್ ಬೋರ್ಡ್ ತೆಗೆದು ಹಾಕಿದ್ದಾರೆ. ನಾನೇನು ಸಮಾಜ ಸೇವೆ ಮಾಡುತ್ತಿಲ್ಲ. ಹಳೇ ಬಟ್ಟೆಗೆ ಸರಿಯಾದ ಮಜೂರಿ ಕೊಟ್ಟರೆ ನಮ್ಮ ಹೊಟ್ಟೆಯೂ ನಡೆಯುತ್ತದೆ, ನಿಮ್ಮ ಬಟ್ಟೆಯೂ ಬಾಳುತ್ತದೆ.

ಕರಾವಳಿಯವರಿಗೆ ಜಾಸ್ತಿ ಬಟ್ಟೆ ಇಟ್ಟುಕೊಳ್ಳುವುದೇ ಒಂದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯೊಳಗೆಲ್ಲ ತೇವ. ಕಪಾಟಿನಲ್ಲಿ ಒತ್ತಿ ತುಂಬಿದ ಬಟ್ಟೆಗೆ ಗಾಳಿ ಆಡುವುದಿಲ್ಲ, ಬೂಷ್ಟು ಬರುತ್ತದೆ. ಚಮಕಿ, ಅಂಟು ಹಾಕಿದ ಕಲ್ಲು, ಸೊಂಟದ ಇಲಾಸ್ಟಿಕ್ಕು ಎರಡು ಮಳೆಗಾಲ ತಡೆಯುವುದಿಲ್ಲ. ರೇಷ್ಮೆ ಸೀರೆಯನ್ನು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಜರಿ ಆ ಗೆರೆಯಲ್ಲೇ ಮುರಿಯುತ್ತದೆ. ಮಳೆ ಹೋದ ಮೇಲೆ ನೆರಳಿನಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ, ಹಳೇ ಬಿಳಿ ಪಂಚೆಯಲ್ಲಿ ಸುತ್ತಿ ಇಡಬೇಕು. ನೂರು ಸೀರೆ ಇದ್ದವರಿಗೆ ಇದಕ್ಕೆಲ್ಲ ಪುರುಸೊತ್ತು ಎಲ್ಲಿ?

ಹಳೆಯ ವಿಷಯ ಒಂದು ನೆನಪಾಯಿತು. ನಮ್ಮ ಕುಮಟಾ ಹಿಂದೆ ಹತ್ತಿಯ ಬಂದರು. ಧಾರವಾಡ ಕಡೆಯ ಹತ್ತಿ ಘಟ್ಟ ಇಳಿದು ಇಲ್ಲಿ ಹಡಗು ಸೇರಿ ಮುಂಬೈಗೆ ಹೋಗುತ್ತಿತ್ತು. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದೆ ಹೋದಾಗ ನಮ್ಮ ಕಡೆಯ ಹತ್ತಿಗೆ ಎಲ್ಲಿಲ್ಲದ ಬೇಡಿಕೆ. ಧಾರವಾಡದ ನಾಟಿ ಹತ್ತಿಯನ್ನು ವ್ಯಾಪಾರಿಗಳು ಕುಮಟಾ ಹತ್ತಿ ಅಂತಲೇ ಕರೆಯುತ್ತಿದ್ದರು. ಆಮೇಲೆ ಮರ್ಮಗೋವಾ ಬಂದರಿಗೆ ರೈಲು ಬಂತು, ಹತ್ತಿ ಆ ದಾರಿ ಹಿಡಿಯಿತು. ಈಗ ಇದೇ ಊರಿನಲ್ಲಿ ಕಾಟನ್ ಅಂತ ಮಾರುವ ಸೀರೆಯ ಒಂದು ನೂಲು ಎಳೆದು ಬೆಂಕಿ ತಾಗಿಸಿ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಗಿರಾಕಿಗಳ ಎದುರಿಗೇ ಎಷ್ಟೋ ಸಲ ಮಾಡಿ ತೋರಿಸಿದ್ದೇನೆ, ಗುಂಡಾಗುವುದೇ ಜಾಸ್ತಿ. ಪಾಲಿಸ್ಟರ್ ಅಂದರೆ ಪೆಟ್ರೋಲಿಯಂನಿಂದ ಮಾಡಿದ ಪ್ಲಾಸ್ಟಿಕ್ಕೇ. ಪ್ರಪಂಚದಲ್ಲಿ ತಯಾರಾಗುವ ನೂಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಅದೇ. ನಮ್ಮ ಸೆಖೆಗೆ ಅದು ಮೈಗೆ ಅಂಟುತ್ತದೆ. ಪ್ರತಿ ಸಲ ಒಗೆದಾಗ ಕಣ್ಣಿಗೆ ಕಾಣದ ಎಳೆಗಳು ನೀರಿಗೆ ಬಿಡುತ್ತವೆ, ಆ ನೀರು ಗಟಾರ, ಹಳ್ಳ ಅಂತ ಕೊನೆಗೆ ಹೊಳೆಗೆ, ಸಮುದ್ರಕ್ಕೆ ಹೋಗುತ್ತದೆ. ಅಘನಾಶಿನಿ ಹೊಳೆಯ ಬಳಚು, ಅಂದರೆ ಚಿಪ್ಪಿನ ಮೀನು, ತಿನ್ನುವವರು ನಾವೇ.

ಹೋದ ವರ್ಷ, 2025ರ ಸೆಪ್ಟೆಂಬರ್ 22ರಿಂದ, 2,500 ರೂಪಾಯಿ ತನಕದ ರೆಡಿಮೇಡ್ ಬಟ್ಟೆಗೆ ಜಿಎಸ್‌ಟಿ ಶೇಕಡಾ 5 ಮಾತ್ರ. ಮೊದಲು ಸಾವಿರ ದಾಟಿದರೆ 12 ಇತ್ತು. ಬಡವರಿಗೆ ಒಳ್ಳೆಯದೇ. ಆದರೆ ಉಳಿಯಿತು ಅಂತ ಇನ್ನೊಂದು ತಂದರೆ ಉಳಿದದ್ದು ಏನು?

'ಹಳೆಯದನ್ನು ಯಾರಿಗಾದರೂ ಕೊಡುತ್ತೇವೆ' ಅಂತ ಸಮಾಧಾನ ಮಾಡಿಕೊಳ್ಳುವವರೂ ಇದ್ದಾರೆ. 2019ರ ಆಗಸ್ಟಿನಲ್ಲಿ ಗಂಗಾವಳಿ ಹೊಳೆ ಉಕ್ಕಿ ಅಂಕೋಲೆ ಕಡೆ ಮನೆಗಳೊಳಗೆ ನೀರು ನುಗ್ಗಿದಾಗ ಬಂದ ಬಟ್ಟೆಯ ಗಂಟುಗಳನ್ನು ಬಿಚ್ಚಿ ಬೇರೆ ಮಾಡಲು ನಾನೂ ಕೂತಿದ್ದೆ. ಒಂದು ಗಂಟಿನಲ್ಲಿ ಚಮಕಿ ಗೌನು, ಇನ್ನೊಂದರಲ್ಲಿ ಗುಂಡಿಯೇ ಇಲ್ಲದ ಶರ್ಟುಗಳು. ಮನೆ ಕೆಸರಾದವರು ಚಮಕಿ ಗೌನು ಹಾಕಿಕೊಂಡು ಏನು ಮಾಡಬೇಕು?

ಪೂರ್ತಿ ಸವೆದ ಬಟ್ಟೆಗೆ ದಾರಿ ನಮ್ಮ ಜಿಲ್ಲೆಯಲ್ಲೇ ಇದೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ ನೋಡಿದ್ದೀರಾ? ಹಳೇ ಸೀರೆಯನ್ನು ತಳಕ್ಕೆ ಹಾಸಿ, ಮೇಲೆ ತುಂಡು ಬಟ್ಟೆಗಳನ್ನು ಇಟ್ಟು, ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಎಲ್ಲ ಕೈಹೊಲಿಗೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಹೂವು ಇಡುತ್ತಾರೆ, ಅದಕ್ಕೆ ಫುಲಾ ಅನ್ನುತ್ತಾರೆ. ಅದಿಲ್ಲದೆ ಕೌದಿ ಮುಗಿಯಿತು ಅಂತ ಲೆಕ್ಕವೇ ಇಲ್ಲ. ಮೆಷಿನ್ ತುಳಿದು ಬದುಕುವ ನನಗೆ ಆ ಹೊಲಿಗೆ ನೋಡಿದರೆ ಹೊಟ್ಟೆಕಿಚ್ಚು ಬರುತ್ತದೆ. ಇಂಥವರಿಗೆ ಕೊಡುವುದಾದರೆ ಒಗೆದು, ಒಣಗಿಸಿ, ಹತ್ತಿಯದ್ದನ್ನು ಮಾತ್ರ ಕೊಡಿ. ಹಾಗೆಯೇ ಅವರಿಂದ ಒಂದು ಕೌದಿಯನ್ನು ಕೇಳಿದ ಬೆಲೆ ಕೊಟ್ಟು ಕೊಳ್ಳಿ. ಅದಕ್ಕೆ ಖರ್ಚು ಮಾಡಿದರೆ ನನ್ನ ಅಡ್ಡಿ ಇಲ್ಲ.

ಸಂಪಾದಕರೇ, ಪುಟ ಖಾಲಿ ಬಿಡಿ ಅಂತ ನಾನು ಹೇಳುವುದಿಲ್ಲ. ಹೆಂಗಸರಿಗೆ ಫೋಟೋ ಬರುವುದು ಖುಷಿಯೇ, ನನಗೂ ಖುಷಿ. ಈ ಸಲ ಬಣ್ಣದ ಬದಲು ವರ್ಷ ಕೇಳಿ. ಕಪಾಟಿನಲ್ಲಿ ಇರುವುದರಲ್ಲೇ ಹಳೆಯ ಸೀರೆ ಉಟ್ಟು, ಅದು ಯಾವ ವರ್ಷದ್ದು, ಯಾರು ಕೊಟ್ಟದ್ದು, ಎಷ್ಟು ಸಲ ಬ್ಲೌಸು ಬಿಚ್ಚಿ ಹೊಲಿಸಿದ್ದು ಅಂತ ಎರಡು ಸಾಲು ಬರೆದು ಕಳಿಸಲು ಹೇಳಿ. ಆಫೀಸಿನವರೂ ಬೇಕಾದರೆ ಒಟ್ಟಿಗೆ ನಿಂತು ತೆಗೆಸಿಕೊಳ್ಳಲಿ, ಒಬ್ಬೊಬ್ಬರದ್ದು ಒಂದೊಂದು ಬಣ್ಣ ಇರಲಿ.

ಓದುಗರಿಗೆ ಒಂದು ಸೂಚನೆ. ಬ್ಲೌಸು ಸಡಿಲ ಮಾಡಿಸುವವರು, ಫಾಲ್ ಬದಲಿಸುವವರು ಮಹಾಲಯ ಅಮಾವಾಸ್ಯೆಯ ಒಳಗೆ ತಂದು ಕೊಡಿ. ಒಗೆದು ತನ್ನಿ. ಹಿಂದಿನ ದಿನ ರಾತ್ರಿ ಬಂದು 'ಅಕ್ಕಾ, ನಾಳೆಗೇ ಬೇಕಿತ್ತು' ಅಂದರೆ ಆಗುವುದಿಲ್ಲ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು, ಹೊಲಿಗೆ ಅಂಗಡಿಯವಳು
ಕುಮಟಾ (ಉ.ಕ.)